ದ್ಯಾವಮ್ಮ ಬಗ್ಗಲಿಲ್ಲ!

"ಆರು ವಾರ ಏನು ಡಾಕ್ಟ್ರೇ, ಆರು ತಿಂಗಳು ಹೇಳಿ ಬೇಕಾದ್ರೆ! ಸಾಕ್ಷಾತ್ ಹೊರನಾಡಿನ ಅಮ್ಮನೋರೇ ಬಂದು ಎದುರು ನಿಂತರೂ ನೆಟ್ಟಗೆ ನಿಂತೇ ಕೈ ಮುಗೀತೀನಿ. ಬಗ್ಗಲ್ಲ ಅಂದ್ರೆ ಬಗ್ಗಲ್ಲ!"

ಬೆನ್ನಿನ ಡಿಸ್ಕ್ ಆಪರೇಷನ್ ಆದ ಐದನೇ ದಿನ, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹಲಗೆ ಹಾಗೆ ಮಲಗಿಕೊಂಡು ಮಲ್ಲಂದೂರಿನ ದ್ಯಾವಮ್ಮ ಮಾಡಿದ ಭೀಷಣ ಪ್ರತಿಜ್ಞೆ ಇದು. ಡಾಕ್ಟರು ನಗಲಿಲ್ಲ. ಬೆರಳು ಮಡಚಿ ಹೇಳಿದರು. ಬಗ್ಗಬಾರದು, ಭಾರ ಎತ್ತಬಾರದು, ಸೊಂಟ ತಿರುವಬಾರದು, ನೆಲದ ಮೇಲೆ ಕೂರಬಾರದು. "ಮಾತು ಮೀರಿದ್ರೆ ಡಿಸ್ಕು ಮತ್ತೆ ಆಚೆ ಬರಬಹುದು ಅಮ್ಮಾ. ಎರಡನೇ ಸಲ ಕೊಯ್ದ ಮೇಲೆ ನೀವು ಇದೇ ಥರ ನಡೀತೀರಿ ಅಂತ ನಾನು ಹೇಳಲಾರೆ."

ಪಕ್ಕದಲ್ಲಿ ಔಷಧಿ ಚೀಲ ಹಿಡಿದು ನಿಂತಿದ್ದ ಸೊಸೆ ರೂಪಶ್ರೀ ಕಿಸಕ್ಕನೆ ನಕ್ಕಳು. "ಅತ್ತೆ, ನೀವು ಬಗ್ಗದೆ ಇರೋದಾ? ಕಾಫಿ ಬೀಜ ಕಂಡ್ರೂ?"

ಆ ಮಾತಿನಲ್ಲಿ ವಿಷ ಇತ್ತು ಅಂತಲ್ಲ. ಇತಿಹಾಸ ಇತ್ತು!

ಕಾಫಿ ಸೀಮೆಯ ಹೆಂಗಸರ ಬೆನ್ನನ್ನು ದೇವರು ನೆಟ್ಟಗೇ ಮಾಡಿರುತ್ತಾನೆ, ಬಗ್ಗಿಸುವುದು ಬೀಜ. ದಾರಿಯಲ್ಲಿ ಒಂದೇ ಒಂದು ಬೀಜ ಬಿದ್ದಿದ್ದರೂ ಸರಿ, ತಲೆ ಮೇಲೆ ಸೌದೆ ಹೊರೆ ಇರಲಿ, ಹಿಂದಿನಿಂದ ಆನೆ ಬರಲಿ, ಬಗ್ಗಿ ಎತ್ತಿ ಸೆರಗಿಗೆ ಕಟ್ಟಿಕೊಂಡ ಮೇಲೇ ಮುಂದಿನ ಹೆಜ್ಜೆ. ದ್ಯಾವಮ್ಮನೋ ಇವರೆಲ್ಲರ ಮಹಾರಾಣಿ! ಮಗ ಕುಮಾರ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳುವಾಗ, ಆರತಿ ತಟ್ಟೆ ಕೈಯಲ್ಲಿ ಇದ್ದಂತೆಯೇ ಹೊಸಿಲ ಬಳಿ ಬಗ್ಗಿ ಬೀಜ ಎತ್ತಿದವಳು. ಆರತಿ ಆರಿಹೋಯಿತು, ಬೀಜ ಉಳಿಯಿತು.

ಹೀಗೆ ಅರವತ್ತು ವರ್ಷ ಬಗ್ಗಿದ ಬೆನ್ನು ಈ ಸಲದ ಕೊಯ್ಲು ಶುರುವಾದ ವಾರವೇ ಮುಷ್ಕರ ಹೂಡಿತು. ಕಾಫಿ ಒಣಗಿಸುವ ಕಣದ ಮೆಟ್ಟಿಲ ಹತ್ತಿರ ಬೀಜ ಎತ್ತಲು ಬಗ್ಗಿದ ದ್ಯಾವಮ್ಮ ಮತ್ತೆ ಏಳಲೇ ಇಲ್ಲ. ಬಗ್ಗಿದ್ದು ಬಗ್ಗಿದ ಹಾಗೇ! ಕಾಲಿನ ತುದಿವರೆಗೆ ಕರೆಂಟು ಹೊಡೆದ ಹಾಗೆ ನೋವು. ಹಸಿ ಕಾಫಿ ಹಣ್ಣು ಕೊಳ್ಳಲು ಬರುವ ವ್ಯಾಪಾರಿ ಉಮರ್ ಫಾರೂಕ್ ತನ್ನ ಪಿಕಪ್‌ನಲ್ಲಿ ಅವಳನ್ನು ಅದೇ ಆಕಾರದಲ್ಲಿ, ಕುಡುಗೋಲು ಸಾಗಿಸಿದ ಹಾಗೆ ಆಸ್ಪತ್ರೆಗೆ ಸಾಗಿಸಿದ. ಸ್ಕ್ಯಾನಿಂಗ್‌ಗೆ ಮೊದಲು ನರ್ಸ್ ತಸ್ಲೀಮಾ ಓಲೆ, ಕತ್ತಿನ ಸರ ಎಲ್ಲ ತೆಗೆಸಿ, ಬಿಗಿದ ಮುಷ್ಟಿಯನ್ನೂ ಬಿಡಿಸಿದಳು. ಒಳಗೆ ಒಂದು ಕಾಫಿ ಬೀಜ!

"ಏನಮ್ಮಾ ಇದು?"

"ಬೀಜ ಕಣವ್ವಾ. ಕಳೀಬೇಡ. ಆಮೇಲೆ ವಾಪಸ್ ಕೊಡು."

ಇಂಥವಳು ಬಗ್ಗಲ್ಲ ಅಂದರೆ ಯಾರು ನಂಬುತ್ತಾರೆ? ರೂಪಶ್ರೀ ಆಸ್ಪತ್ರೆಯಲ್ಲೇ ಷರತ್ತು ಹಾಕಿದಳು. "ಒಂದೇ ಒಂದು ಸಲ ಬಗ್ಗಿದ್ರೂ ಮುಂದಿನ ವರ್ಷದಿಂದ ಕಣ ಬಂದ್! ಹಣ್ಣನ್ನ ಹಸಿಯಾಗೇ ಉಮರಣ್ಣಂಗೆ ಕೊಟ್ಟುಬಿಡೋದು. ಒಣಗಿಸೋದು ಬೇಡ, ಗುಡಿಸೋದು ಬೇಡ, ಹೆಕ್ಕೋದೂ ಬೇಡ."

ದ್ಯಾವಮ್ಮನಿಗೆ ಆ ಕಣ ಅಂದರೆ ಬರೀ ಸಿಮೆಂಟ್ ನೆಲ ಅಲ್ಲ. ಗಂಡ ಇದ್ದಾಗ ಇಬ್ಬರೂ ಸೇರಿ ಮಣ್ಣು ಹೊತ್ತು, ಸಗಣಿ ಸಾರಿಸಿ, ಆಮೇಲೆ ಒಂದೊಂದು ಚೀಲ ಸಿಮೆಂಟ್ ತಂದು ಮಾಡಿದ ಕಣ. ಬಿಸಿಲಿಗೆ ಒಣಗಿದ ಕಾಫಿಯನ್ನು ಬೊಗಸೆಯಲ್ಲಿ ಎತ್ತಿ ಗಲಗಲ ಅಲ್ಲಾಡಿಸಿದರೆ, ಒಳಗೆ ಬೀಜ ಮಾತಾಡಿದ್ದು ಅವಳ ಕಿವಿಗೆ ಕೇಳಿಸುತ್ತಿತ್ತು.

"ಬಗ್ಗದಿದ್ರೆ?" ಅಂದಳು ದ್ಯಾವಮ್ಮ.

"ಬಗ್ಗದಿದ್ರೆ ನೀವು ಇರೋವರೆಗೂ ಕಣ ನಿಮ್ದು. ನಾನು ಉಸಿರೆತ್ತಲ್ಲ."

"ಹಂಗಾದ್ರೆ ಈಗ್ಲೇ ಬಾಯಿ ಮುಚ್ಚಿಕೋ ಮಾರಾಯ್ತಿ!"

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ನೆಟ್ಟಗಿನ ಬದುಕು! ಹಾಸಿಗೆಯಿಂದ ಏಳುವುದೇ ಒಂದು ಉತ್ಸವ. ಮೊದಲು ಮರದ ದಿಮ್ಮಿಯ ಹಾಗೆ ಮಗ್ಗುಲಿಗೆ ಉರುಳಬೇಕು, ಕಾಲು ಕೆಳಗೆ ಇಳಿಬಿಡಬೇಕು, ಕೈ ಊರಿ ಏಳಬೇಕು. ಎದ್ದ ಮೇಲೆ ಸೊಂಟಕ್ಕೆ ಬೆಲ್ಟು. ಅದನ್ನು ಪರ್‍ರ್ ಅಂತ ಬಿಚ್ಚಿದರೆ ಹಟ್ಟಿಯಲ್ಲಿದ್ದ ಹಸು ಕಿವಿ ನಿಮಿರಿಸುತ್ತಿತ್ತು. ಬೆಲ್ಟು ಬಿಗಿದ ದ್ಯಾವಮ್ಮ ಬೆಳಿಗ್ಗೆ ಇಪ್ಪತ್ತು ನಿಮಿಷ ಅಡುಗೆಮನೆ ಬಾಗಿಲಿಂದ ಕಣದವರೆಗೆ, ಕಣದಿಂದ ಅಡುಗೆಮನೆ ಬಾಗಿಲವರೆಗೆ ನಡೆಯುವಳು. ಕತ್ತು ತಿರುಗಿಸುವ ಹಾಗಿಲ್ಲ ಅಂದುಕೊಂಡು, ಯಾರಾದರೂ ಕರೆದರೆ ಕಾಲಲ್ಲೇ ಪೂರ್ತಿ ಸುತ್ತಿ ನಿಲ್ಲುವಳು. ಪರೇಡ್ ಪೊಲೀಸರೂ ನಾಚಬೇಕು!

ಆಶ್ಚರ್ಯ ಅಂದರೆ ದಾರಿಯಲ್ಲಿ ಒಂದು ಬೀಜವೂ ಇರಲಿಲ್ಲ. ಮೊದಲ ದಿನ ಇಲ್ಲ, ಹತ್ತನೇ ದಿನ ಇಲ್ಲ, ಇಪ್ಪತ್ತನೇ ದಿನವೂ ಇಲ್ಲ. ದಿನಾ ಅದೇ ದಾರಿಯಲ್ಲಿ ಮೂಟೆ ಹೋಗುತ್ತದೆ, ತೂತು ಗೋಣಿಯಿಂದ ಬೀಜ ಬೀಳದೆ ಇರುತ್ತದೆಯೇ? ದ್ಯಾವಮ್ಮ ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು.

"ನಾನು ನೋಡ್ತಾ ಇದ್ದೀನಿ ಅಂದ್ರೆ ಬೀಜಕ್ಕೂ ಬೀಳೋಕೆ ಹೆದರಿಕೆ ಕಣೇ ರೂಪಾ!"

"ಹೌದತ್ತೆ," ಅಂದಳು ರೂಪಶ್ರೀ. ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದಳು. ಈಗಿನ ಹುಡುಗಿಯರಿಗೆ ಹಾಗೆ ನಿಲ್ಲುವುದೊಂದು ಸ್ಟೈಲು ಅಂದುಕೊಂಡಳು ದ್ಯಾವಮ್ಮ.

ಸೊಸೆ ಒಳ್ಳೆಯವಳೇ. ಆಪರೇಷನ್ ಆದಮೇಲೆ ಸ್ನಾನ ಮಾಡಿಸಿದ್ದು, ಕಾಲಿಗೆ ಚಪ್ಪಲಿ ಹಾಕಿದ್ದು, ಉಗುರು ಕತ್ತರಿಸಿದ್ದು ಎಲ್ಲ ಅವಳೇ. ಆದರೂ ದ್ಯಾವಮ್ಮನಿಗೆ ಒಂದು ಕೊರಗು. ಹುಡುಗಿ ಕಡೂರಿನ ಕಡೆಯವಳು, ತೆಂಗಿನ ಸೀಮೆಯವಳು. ಕಾಫಿಯ ಕಣ್ಣು ಇಲ್ಲ! ಬಂದವರ ಎದುರಿಗೆಲ್ಲ ಅದನ್ನೇ ಹೇಳುತ್ತಿದ್ದಳು. "ಅವ್ರ ಕಡೆ ಬಿದ್ರೆ ತೆಂಗಿನಕಾಯಿ ಬೀಳತ್ತೆ. ಧಡ್ ಅಂತ ಊರಿಗೇ ಗೊತ್ತಾಗತ್ತೆ, ಯಾರೋ ಎತ್ಕೋತಾರೆ. ಬೀಜ ಬಿದ್ದಿದ್ದು ಕಾಣಬೇಕಾದ್ರೆ ಕಾಫಿ ನಾಡಲ್ಲಿ ಹುಟ್ಟಬೇಕು!" ರೂಪಶ್ರೀ ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಕಾಫಿ ಲೋಟ ತಂದಿಡುತ್ತಿದ್ದಳು.

ಮೂವತ್ತೆಂಟನೇ ದಿನ ಬಂತು. ಇನ್ನು ನಾಲ್ಕೇ ದಿನ! ಕುಮಾರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದ. ರೂಪಶ್ರೀ ಅವತ್ತು ಎದ್ದವಳೇ ಗಡಿಬಿಡಿಯಲ್ಲಿ ಮಹಿಳಾ ಸಂಘದ ಮೀಟಿಂಗಿಗೆ ಓಡಿದ್ದಳು. ದ್ಯಾವಮ್ಮ ಬೆಲ್ಟು ಬಿಗಿದು ಪರೇಡ್ ಹೊರಟಳು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ನಿಂತುಬಿಟ್ಟಳು.

ದಾರಿ ನಡುವೆ ಒಂದು ಬೀಜ!

ಕಪ್ಪಗೆ, ಗುಂಡಗೆ, ಹದವಾಗಿ ಒಣಗಿದ್ದು. ಬಿಸಿಲಿಗೆ ಮಿನುಗುತ್ತಾ, "ಬಾ" ಅನ್ನುತ್ತಿತ್ತು. ದ್ಯಾವಮ್ಮ ಕಣ್ಣು ಮುಚ್ಚಿಕೊಂಡು ದಾಟಿ ಹೋದಳು. ನಾಲ್ಕು ಹೆಜ್ಜೆ ಹೋಗಿ ಕಾಲಲ್ಲೇ ಸುತ್ತಿ ವಾಪಸ್ ಬಂದಳು. ಚಪ್ಪಲಿ ಬಿಟ್ಟು ಕಾಲ್ಬೆರಳಲ್ಲಿ ಹಿಡಿಯಲು ನೋಡಿದಳು. ಬೀಜ ಜಾರಿತು. ಬೆನ್ನಿನೊಳಗೆ ಯಾರೋ ಸಣ್ಣಗೆ ಕೆಮ್ಮಿದ ಹಾಗಾಯಿತು. ಬೇಡಪ್ಪಾ!

ಆಗ ಹೊಳೆಯಿತು ಮಹಾ ಉಪಾಯ. ಅಡುಗೆಮನೆಯ ಗೂಡಿನಲ್ಲಿ, ಎದೆಮಟ್ಟದಲ್ಲೇ, ಹೋದ ವರ್ಷದ ಹಲಸಿನ ಮೇಣ ಇತ್ತು. ಸೋರುವ ಕೊಡಕ್ಕೆ ಮೆತ್ತಲು ಕೋಲಿಗೆ ಸುತ್ತಿಟ್ಟ ಅಂಟು. ಅದನ್ನು ಗ್ಯಾಸ್ ಒಲೆಯ ಮೇಲೆ ಬಿಸಿ ಮಾಡಿ, ಗಂಡ ಊರುತ್ತಿದ್ದ ಕೊಕ್ಕೆ ಹಿಡಿಯ ಬೆತ್ತದ ತುದಿಗೆ ಮೆತ್ತಿಕೊಂಡಳು. ಒಂದು ಚೂರೂ ಬಗ್ಗಲಿಲ್ಲ! ಬೆತ್ತದ ತುದಿಯನ್ನು ಬೀಜದ ಮೇಲೆ ಇಟ್ಟಳು. ಅಂಟಿತು! ಎತ್ತಿದಳು. ಬಂತು! ಚಂದ್ರನ ಮೇಲೆ ಇಳಿದವರಿಗೂ ಅಷ್ಟು ಖುಷಿ ಆಗಿರಲಿಕ್ಕಿಲ್ಲ.

ಒಂದಕ್ಕೆ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ಮುಂದೆ ಇನ್ನೊಂದು, ಅದರಾಚೆ ಎರಡು. ಅರೆ, ಇವತ್ತು ಬೀಜಗಳಿಗೆ ಏನು ಧೈರ್ಯ! ಟಕ್, ಟಕ್ ಅಂತ ಎತ್ತುತ್ತಾ ಎತ್ತುತ್ತಾ ಕಣಕ್ಕೇ ಬಂದಳು. ಅಲ್ಲಿ ನೋಡಿದರೆ ಮನೆಯ ಗಿರಿರಾಜ ತಳಿಯ ಹುಂಜ, ಕರುವಿನಷ್ಟು ದಪ್ಪದ್ದು, ಹರವಿದ ಕಾಫಿಯ ಮೇಲೆ ನಿಂತು ಎರಡೂ ಕಾಲಲ್ಲಿ ಕೆದರುತ್ತಿದೆ!

"ಹುಶ್! ನಿನ್ ಮನೆ ಹಾಳಾಗ!" ಅಂತ ದ್ಯಾವಮ್ಮ ಬೆತ್ತ ಬೀಸಿದಳು. ಯಾವ ತುದಿ ಅಂತ ನೋಡಲಿಲ್ಲ.

ಮೇಣದ ತುದಿ ಹುಂಜದ ಬಾಲಕ್ಕೆ ಪಚಕ್ ಅಂತ ಹಿಡಿಯಿತು. ಬೆತ್ತ ಕೈಯಿಂದ ಹಾರಿತು. ಹುಂಜ ಒಂದು ಸಲ ಹಿಂದೆ ತಿರುಗಿ ನೋಡಿತು. ತನಗೆ ಅಷ್ಟು ಉದ್ದದ ಬಾಲ ಬಂದಿದ್ದು ಕಂಡು ಕಿರುಚಿಕೊಂಡು ಓಟ ಕಿತ್ತಿತು. ಬೆತ್ತ ಹಿಂದೆ ಗರಗರ ಎಳೆಯುತ್ತಾ, ಹರವಿದ ಕಾಫಿಯಲ್ಲಿ ಉಳುಮೆ ಮಾಡುತ್ತಾ ಬಂತು. ಟಾರ್ಪಾಲಿನ ಹಗ್ಗಕ್ಕೆ ಕೊಕ್ಕೆ ಸಿಕ್ಕಿತು, ಟಾರ್ಪಾಲೂ ಹೊರಟಿತು. ಹೆದರಿದ ಹುಂಜ ರೆಕ್ಕೆ ಬಡಿದು, ಮೆಟ್ಟಿಲ ಅಂಚಿನಲ್ಲಿ ಬಾಯಿ ಹೊಲಿಯದೆ ನಿಲ್ಲಿಸಿದ್ದ ಅರ್ಧ ಮೂಟೆಯ ಮೇಲೆ ಹಾರಿ ಕೂತಿತು. ಮೂಟೆ ವಾಲಿತು, ಉರುಳಿತು. ಒಣಗಿದ ಕಾಫಿ ಮೆಟ್ಟಿಲಿಂದ ಮೆಟ್ಟಿಲಿಗೆ ಜಿಗಿಯುತ್ತಾ, ಆಷಾಢದ ಹೇಮಾವತಿಯ ಹಾಗೆ ರಸ್ತೆಗೆ ಹರಿಯಿತು!

ಅದೇ ಹೊತ್ತಿಗೆ ಉಮರ್ ಫಾರೂಕನ ಪಿಕಪ್ ಬಂದು ನಿಲ್ಲಬೇಕೆ? ಇಳಿದ ಉಮರ್ ಒಂದೇ ಹೆಜ್ಜೆ ಇಟ್ಟ. ಬೀಜದ ಮೇಲೆ ಜಾರಿ ಸೊರ್‍ರನೆ ಬಂದು ಪಿಕಪ್ಪಿನ ಬಾಗಿಲನ್ನು ತಬ್ಬಿಕೊಂಡ.

"ಎಂತ ಆಯ್ತು ಮಾರಾಯ್ರೆ! ದ್ಯಾವಮ್ಮಾರೇ, ಹಿಡೀರಿ ಹುಂಜನ!"

"ನಾನು ಬಗ್ಗೋ ಹಾಗಿಲ್ಲಪ್ಪಾ!"

"ಬೆತ್ತನಾದ್ರೂ ತುಳೀರಿ!"

"ಕಾಲು ಎತ್ತಿದ್ರೆ ಸೊಂಟ ತಿರುಗತ್ತೆ!"

ಕಣ ಎಂಬ ಕಣವೆಲ್ಲ ಓಡುತ್ತಿದೆ, ನಡುವೆ ದ್ಯಾವಮ್ಮ ಮಾತ್ರ ಲೈಟುಕಂಬ! ಅಷ್ಟರಲ್ಲಿ ಮೀಟಿಂಗ್ ಮುಗಿಸಿ ರೂಪಶ್ರೀ ಬಂದಳು. ರಸ್ತೆ ನೋಡಿದಳು, ಮೆಟ್ಟಿಲು ನೋಡಿದಳು, ಟಾರ್ಪಾಲು ಹೊದ್ದುಕೊಂಡ ಹುಂಜ ನೋಡಿದಳು.

ದ್ಯಾವಮ್ಮ ಮೇಲಿಂದಲೇ ಘೋಷಿಸಿದಳು. "ಬಗ್ಗಿಲ್ಲ ಕಣೇ! ಒಂದು ಇಂಚೂ ಬಗ್ಗಿಲ್ಲ! ಉಮರನೇ ಸಾಕ್ಷಿ. ಕಣ ನಂದೇ!"

"ಆಯ್ತತ್ತೆ, ನಿಮ್ದೇ," ಅಂತ ನಗುತ್ತಾ ರೂಪಶ್ರೀ ಮೆಟ್ಟಿಲ ಬುಡದಲ್ಲಿ ಬೀಜ ಬಾಚಲು ಬಗ್ಗಿದಳು. "ಅಮ್ಮಾ!" ಅಂದಳು. ಮತ್ತೆ ಏಳಲಿಲ್ಲ. ಬಗ್ಗಿದ್ದು ಬಗ್ಗಿದ ಹಾಗೇ!

ಉಮರ್ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ಅದೇ ಜಾಗ, ಅದೇ ಆಕಾರ!"

"ಏನಾಯ್ತೇ ರೂಪಾ? ನೀನು ಯಾವತ್ತು ಬಗ್ಗಿದೋಳು ನಿಂಗೆ ಬೆನ್ನು ಹಿಡಿಯೋಕೆ?" ಅಂದಳು ದ್ಯಾವಮ್ಮ.

ಉತ್ತರ ಕೊಟ್ಟಿದ್ದು ಉಮರ್. "ಯಾವತ್ತಾ? ದಿನಾ ಬೆಳಿಗ್ಗೆ ನಾನು ಆಳುಗಳನ್ನ ತೋಟಕ್ಕೆ ಬಿಡೋಕೆ ಹೋಗುವಾಗ ನೋಡ್ತೀನಲ್ಲ! ಅಡುಗೆಮನೆ ಬಾಗಿಲಿಂದ ಕಣದವರೆಗೂ ಬಗ್ಗಿಕೊಂಡೇ ಬೀಜ ಹೆಕ್ತಾ ಇರ್ತಾರೆ. ಕೇಳಿದ್ದಕ್ಕೆ, 'ಅತ್ತೆ ಕಣ್ಣಿಗೆ ಬಿದ್ರೆ ಬಗ್ಗೇ ಬಗ್ತಾರೆ ಉಮರಣ್ಣಾ, ಅವ್ರು ಏಳೋದ್ರೊಳಗೆ ದಾರಿ ಖಾಲಿ ಆಗ್ಬೇಕು' ಅಂದ್ರು. ಇವತ್ತೊಂದಿನ ಕಾಣ್ಲಿಲ್ಲ."

ದ್ಯಾವಮ್ಮ ಮೆಟ್ಟಿಲ ಮೇಲೆ ನೆಟ್ಟಗೇ ನಿಂತಿದ್ದಳು. ಜೀವಮಾನದಲ್ಲಿ ಮೊದಲ ಸಲ, ಕಾಲ ಹತ್ತಿರ ನೂರು ಬೀಜ ಬಿದ್ದಿದ್ದರೂ ಒಂದೂ ಕಾಣಲಿಲ್ಲ. ಕಣ್ಣು ಮಂಜಾಗಿತ್ತು.

ಪಿಕಪ್ ಮತ್ತೆ ಚಿಕ್ಕಮಗಳೂರಿಗೆ ಹೊರಟಿತು. ಈ ಸಲ ಕುಡುಗೋಲಿನ ಪಕ್ಕ ಒಂದು ಲೈಟುಕಂಬ. ದಾರಿಯುದ್ದಕ್ಕೂ ಕಂಬ ಕುಡುಗೋಲಿನ ಬೆನ್ನು ನೀವುತ್ತಿತ್ತು.

ನರ್ಸ್ ತಸ್ಲೀಮಾ ರೂಪಶ್ರೀಯ ಬಿಗಿದ ಮುಷ್ಟಿ ಬಿಡಿಸಿದಳು. ಒಳಗೆ ಒಂದು ಕಾಫಿ ಬೀಜ! ತಸ್ಲೀಮಾ ದ್ಯಾವಮ್ಮನ ಮುಖ ನೋಡಿ, "ಇದೂ ವಾಪಸ್ಸಾ?" ಅಂದಳು. ದ್ಯಾವಮ್ಮ ಸುಮ್ಮನೆ ಕೈ ಚಾಚಿದಳು. ತೆಂಗಿನ ಸೀಮೆಯ ಹುಡುಗಿಯ ಬೀಜ ಅದು, ಅದಕ್ಕೆ ಬೆಲೆ ಕಟ್ಟುವವರು ಯಾರು!

ಪುಣ್ಯಕ್ಕೆ ಡಿಸ್ಕ್ ಅಲ್ಲ, ಮಾಂಸಖಂಡ ಹಿಡಿದುಕೊಂಡಿತ್ತು ಅಷ್ಟೆ. ಮಾತ್ರೆ, ಮೂರು ವಾರ ಬಗ್ಗಬಾರದು, ಬೆಳಿಗ್ಗೆ ಸ್ವಲ್ಪ ನಡೆಯಬೇಕು. ಡಾಕ್ಟರು ದ್ಯಾವಮ್ಮನ ಬೆನ್ನನ್ನೂ ಅಲ್ಲೇ ನೋಡಿಬಿಟ್ಟರು. "ಭೇಷ್! ತುಂಬಾ ಚೆನ್ನಾಗಿ ಕೂಡಿದೆ. ಇನ್ನು ಬೆನ್ನು ನೆಟ್ಟಗಿಟ್ಟು ಮಂಡಿ ಮಡಚಿ ಕೂತೇಳಬಹುದು. ಮಾತು ಉಳಿಸಿಕೊಂಡ್ರಿ ಕಣಮ್ಮಾ, ನೀವು ಬಗ್ಗಲೇ ಇಲ್ಲ!"

"ನಾನು ಬಗ್ಗಲಿಲ್ಲ ಡಾಕ್ಟ್ರೇ," ಅಂದಳು ದ್ಯಾವಮ್ಮ. "ನನ್ನ ಪಾಲಿಂದೂ ಇವಳೇ ಬಗ್ಗಿಬಿಟ್ಳು."

ಮನೆಗೆ ಬಂದವಳೇ ತನ್ನ ಬೆಲ್ಟನ್ನು ಪರ್‍ರ್ ಅಂತ ಬಿಚ್ಚಿ ಸೊಸೆಯ ಸೊಂಟಕ್ಕೆ ಬಿಗಿದಳು. ಕಣದ ಪಕ್ಕದ ಉಗ್ರಾಣದ ಬೀಗದ ಕೈಯನ್ನೂ ಅವಳ ಸೆರಗಿಗೆ ಕಟ್ಟಿದಳು. "ಕಣ ನಿಂದು. ಒಣಗಿಸ್ತೀಯೋ, ಮಾರ್ತೀಯೋ, ನಿನ್ನಿಷ್ಟ." ರೂಪಶ್ರೀ ಬೀಗದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, "ಒಣಗಿಸ್ತೀನಿ," ಅಂದಳು.

ಮಾರನೇ ದಿನ ದ್ಯಾವಮ್ಮ ಎಲ್ಲರಿಗಿಂತ ಮೊದಲು ಎದ್ದಳು. ಹುಂಜದ ನಾಲ್ಕು ಪುಕ್ಕ ಇನ್ನೂ ಅಂಟಿಕೊಂಡಿದ್ದ ಬೆತ್ತ ಹಿಡಿದು, ಅಡುಗೆಮನೆ ಬಾಗಿಲಿಂದ ಕಣದವರೆಗೆ ಟಕ್ ಟಕ್ ಅಂತ ಒಂದೊಂದೇ ಬೀಜ ಎತ್ತಿ ದಾರಿಯನ್ನು ಕನ್ನಡಿ ಮಾಡಿದಳು. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಜಗಲಿಯ ಕುರ್ಚಿಯಲ್ಲಿ ಕೂತಳು.

ರೂಪಶ್ರೀ ಬೆಲ್ಟು ಬಿಗಿದು ಪರೇಡ್ ಹೊರಟಳು. ಹತ್ತು ಹೆಜ್ಜೆ ಇಟ್ಟು ನಿಂತಳು. ಕಾಲಲ್ಲೇ ಪೂರ್ತಿ ಸುತ್ತಿ ಅತ್ತೆಯ ಕಡೆ ತಿರುಗಿದಳು.

"ಅತ್ತೇ! ಇಲ್ಲೊಂದು ಬಿಟ್ಟಿದ್ದೀರಿ! ಕಾಣ್ಲಿಲ್ವಾ? ನಿಮಗೆ ಕಾಣಬೇಕಾದ್ರೆ ತೆಂಗಿನಕಾಯಿನೇ ಬೀಳಬೇಕಿತ್ತಾ?"