ಶ್ ಸಾಹೇಬರ ಬೆಟ್ಟದ ದಂಡಯಾತ್ರೆ

ದಿನವಿಡೀ ಬಾಯಿ ಮುಚ್ಚಿಕೊಂಡಿರುವ ಕೆಲಸದವನಿಗೆ ಮಾತಿನ ಹಸಿವು ಎಷ್ಟಿರುತ್ತದೆಂದು, ಮಾತಾಡಿಯೇ ಹೊಟ್ಟೆ ತುಂಬಿಸಿಕೊಂಡವರಿಗೆ ತಿಳಿಯುವುದಿಲ್ಲ. ನಮ್ಮ ಗ್ರಂಥಪಾಲಕರು ಇಪ್ಪತ್ತೆರಡು ವರ್ಷ ಕೌಂಟರಿನ ಹಿಂದೆ ಕೂತು ಆಡಿದ್ದು ಒಂದೇ ಅಕ್ಷರ: 'ಶ್!' ಹಾಗಾಗಿ ಊರಿಗೆಲ್ಲ ಅವರು ಶ್ ಸಾಹೇಬರು. ಮನೆಗೆ ಬಂದರೆ ಹೆಂಡತಿಯ ಹೊಲಿಗೆ ಯಂತ್ರ ಮಾತಾಡುತ್ತಿರುತ್ತದೆ. ಯಂತ್ರ ನಿಂತರೆ ಹೆಂಡತಿ. ನಡುವೆ ಸೂಜಿ ತೂರಿಸುವಷ್ಟು ಸಂದು ಸಿಕ್ಕರೂ ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಈ ಅನ್ಯಾಯ ತಾಳಲಾರದೆ ಸಾಹೇಬರು ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಹವ್ಯಾಸಿಗಳು ದೂರದವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೊ ಹಿಡಿದರು.

ಆದರೆ ಊರಿರುವುದು ಬಾಣಲೆಯ ತಳದಲ್ಲಿ. ಸುತ್ತ ಬೆಟ್ಟ. ಮನೆಯಿಂದ ರೇಡಿಯೊದಲ್ಲಿ ಎಷ್ಟು ಕೂಗಿದರೂ ಮಾತು ಬೆಟ್ಟಕ್ಕೆ ಬಡಿದು ಅಲ್ಲೇ ಸಾಯುತ್ತಿತ್ತು. ಮಾತು ಆಚೆ ದಾಟಬೇಕಾದರೆ ಮಾತಾಡುವವನೇ ಬೆಟ್ಟ ಹತ್ತಬೇಕು.

ಹತ್ತುವವರಿಗೆಂದೇ ರೇಡಿಯೊ ಕ್ಲಬ್ಬಿನಲ್ಲಿ ಒಂದು ಪಂದ್ಯವಿತ್ತು. ಯಂತ್ರವನ್ನು ಸ್ವಂತ ಬೆನ್ನ ಮೇಲೆ ಹೊತ್ತು ತುದಿ ಮುಟ್ಟಬೇಕು. ಅಲ್ಲಿಂದ ನಾಲ್ಕು ಬೇರೆ ಬೇರೆ ಜನರೊಂದಿಗೆ ಮಾತಾಡಬೇಕು. ಪ್ರತಿಯೊಬ್ಬರೂ ಸರ್ಕಾರ ಕೊಟ್ಟ ತಮ್ಮ ಕಾಲ್ ಸೈನ್, ಅಂದರೆ ಅಕ್ಷರ-ಅಂಕಿಗಳ ಗುರುತು, ಪೂರ್ತಿ ಹೇಳಿ, ಎದುರಿನವರ ದನಿ ಎಷ್ಟು ಚೆನ್ನಾಗಿ ಕೇಳಿತೆಂದೂ ತಿಳಿಸಬೇಕು. ಅಷ್ಟನ್ನೂ ಇಬ್ಬರೂ ಪುಸ್ತಕದಲ್ಲಿ ಬರೆದುಕೊಂಡರೆ ಮಾತ್ರ ಲೆಕ್ಕ. ನಾಲ್ಕಾದರೆ ಬೆಟ್ಟ ಗೆದ್ದಂತೆ. ಒಂದೊಂದು ಬೆಟ್ಟವನ್ನೂ ಮೊದಲು ಗೆದ್ದವರಿಗೆ ಗಾಜು ಹಾಕಿದ ಪ್ರಶಸ್ತಿಪತ್ರ.

ಊರ ಹಿಂದಿನ ದೊಡ್ಡ ಬೆಟ್ಟವನ್ನು ಆವರೆಗೆ ಯಾರೂ ಗೆದ್ದಿರಲಿಲ್ಲ. ಸಾಹೇಬರು ಎರಡು ಸಲ ಹತ್ತಿ, ಎರಡು ಸಲವೂ ಮೂವರೊಂದಿಗೆ ಮಾತಾಡಿ, ನಾಲ್ಕನೆಯವರಿಗಾಗಿ ಗಂಟಲು ಹರಿದುಕೊಂಡು, ಮೊಣಕಾಲು ಹಿಡಿದುಕೊಂಡು ಇಳಿದಿದ್ದರು. ಆ ಪತ್ರ ಗ್ರಂಥಾಲಯದ ಗೋಡೆಯ ಮೇಲಿರಬೇಕು, ಅದರ ಕೆಳಗೆ ತಾವು ಕೂತಿರಬೇಕು ಎಂಬ ಆಸೆ ಅವರನ್ನು ಹಗಲೂ ರಾತ್ರಿ ಕೊರೆಯುತ್ತಿತ್ತು.

ಹೀಗಿರುವಾಗ ಅವರ ತಲೆಗೊಂದು ದಿವ್ಯ ಉಪಾಯ ಹೊಳೆಯಿತು. ನಾಲ್ಕನೆಯವರು ತಾವಾಗಿ ಸಿಗದಿದ್ದರೆ ನಾವೇ ತಯಾರಿಸಿಕೊಳ್ಳಬೇಕು! ಹೆಂಡತಿಯನ್ನು ಪರೀಕ್ಷೆಗೆ ಕೂರಿಸಿದರು. ಅವಳು ಅವರಿಗಿಂತ ಹದಿನಾಲ್ಕು ಅಂಕ ಹೆಚ್ಚು ತೆಗೆದಳು. (ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅವಳನ್ನು ಬಿಟ್ಟು.)

ಯೋಜನೆ ಸರಳವಾಗಿತ್ತು. ಎದುರಿನ ಬೋಳುಗುಡ್ಡದ ಬುಡದ ತನಕ ಬಸ್ಸಿದೆ. ಹೆಂಡತಿ ಇನ್ನೊಂದು ರೇಡಿಯೊ ಹೊತ್ತು ಗುಡ್ಡದ ತುದಿಯಲ್ಲಿ ಕೂರುವುದು, ಸಾಹೇಬರು ದೊಡ್ಡ ಬೆಟ್ಟದಿಂದ ಕರೆಯುವುದು, ಬೆಟ್ಟ ಗೆಲ್ಲುವುದು.

"ರೀ, ಇನ್ನೊಂದು ಬ್ಯಾಟರಿ ಇಟ್ಕೊಳ್ಳಿ," ಅಂದಳು ಹೆಂಡತಿ, ಭಾನುವಾರ ಬೆಳಗ್ಗೆ ಬುತ್ತಿ ಕಟ್ಟುತ್ತಾ.

"ಸುಮ್ನೆ ಭಾರ ಕಣೇ. ನಾಲ್ಕು ಜನ, ನಾಲ್ಕು ನಿಮಿಷ. ಅಷ್ಟೇ."

"ನಿಮ್ಮ ನಾಲ್ಕು ನಿಮಿಷ ನಾನು ಕಾಣದ್ದಾ?"

ಸಾಹೇಬರು ಚೀಲ ಬೆನ್ನಿಗೇರಿಸಿದರು. ದಂಡಯಾತ್ರೆಗೆ ಹೊರಟ ಚಕ್ರವರ್ತಿಗಳು ಬ್ಯಾಟರಿಯ ವಿಷಯಕ್ಕೆಲ್ಲ ವಾದಕ್ಕಿಳಿಯುವುದಿಲ್ಲ.

ತುದಿಯಲ್ಲಿ ಆಂಟೆನಾ ಎತ್ತಿ ಕಟ್ಟಿ ಕರೆದಿದ್ದೇ ತಡ, ಕಣಿವೆಯಾಚೆಯ ದಂತವೈದ್ಯರೊಬ್ಬರು ಸಿಕ್ಕರು. ನಂತರ ನಿವೃತ್ತ ಲಾರಿ ಡ್ರೈವರ್. ನಂತರ ಬೇಕರಿಯವನು. ಮೂವರಿಗೂ ಸಾಹೇಬರು ತಮ್ಮ ಕಾಲ್ ಸೈನ್ ಹೇಳಿದರು. ಅದರ ಜೊತೆಗೆ ಹತ್ತಿದ ದಾರಿ, ಹಿಂದಿನ ಎರಡು ಸೋಲು, ಮೊಣಕಾಲಿನ ಚರಿತ್ರೆ, ಇಂದಿನ ಯುವಕರ ಓದಿನ ಅಭಿರುಚಿ ಎಲ್ಲವನ್ನೂ ಹೇಳಿದರು. (ರೇಡಿಯೊದ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಎದುರಿನವರು ಅಡ್ಡ ಬಾಯಿ ಹಾಕಲಾರರು. ಇಂಥ ಸುಖ ಅವರಿಗೆ ಮದುವೆಯಾದ ಮೇಲೆ ಸಿಕ್ಕಿರಲೇ ಇಲ್ಲ.) ಬೇಕರಿಯವನು ಬ್ರೆಡ್ಡು ಸೀಯುತ್ತಿದೆಯೆಂದು ಹೇಳಿ ತಪ್ಪಿಸಿಕೊಂಡ. ಅಷ್ಟರಲ್ಲಿ ಬ್ಯಾಟರಿಯ ಕೆಂಪು ದೀಪ ಮಿಣುಕತೊಡಗಿತ್ತು.

ಇರಲಿ, ಉಳಿದವಳು ಮನೆಯವಳೇ! ಸಾಹೇಬರು ಗುಂಡಿ ಒತ್ತಿದರು.

"ಏ, ನಾನು ಕಣೇ!"

"ನಾನು ಅಂದ್ರೆ ಯಾರು? ಕಾಲ್ ಸೈನ್ ಹೇಳಿ. ಓವರ್."

"ಅಯ್ಯೋ, ನಿನ್ನ ಗಂಡ!"

"ಗಂಡ ಅಂತ ಯಾರು ಬೇಕಾದ್ರೂ ಹೇಳ್ಕೋಬಹುದು. ಪೂರ್ತಿ ಹೇಳಿ, ಬರ್ಕೋತೀನಿ. ಓವರ್."

"ಇಷ್ಟು ವರ್ಷ ಕೇಳಿರೋ ದನಿ ಗುರುತು ಸಿಗಲ್ವೇನೇ?"

"ಚೆನ್ನಾಗಿ ಸಿಗುತ್ತೆ. ಆದ್ರೆ ಪುಸ್ತಕದಲ್ಲಿ ದನಿ ಬರೆಯೋಕೆ ಜಾಗ ಇಲ್ಲ. ಓವರ್."

ಅರ್ಧ ಅಂಗುಲಕ್ಕೆ ಇಡೀ ತೋಳು ಬಿಚ್ಚಿ ಮತ್ತೆ ಹೊಲಿಯುವ ಹೆಂಗಸು ಅವಳು. ಅಳತೆ ಅಂದರೆ ಅಳತೆ, ನಿಯಮ ಅಂದರೆ ನಿಯಮ. ಸಾಹೇಬರಿಗೆ ಅದು ತಿಳಿಯದ್ದಲ್ಲ. ಆದರೆ ಸಿಟ್ಟು ನೆತ್ತಿಗೇರಿತ್ತು.

"ಕಟ್ಕೊಂಡ ಹೆಂಡ್ತಿ ಹತ್ರ ನಾನು ಗುರುತು ಹೇಳ್ಬೇಕಾ?"

"ಆವತ್ತು ಕಾರ್ಡ್ ಮರ್ತು ನಿಮ್ಮ ಗ್ರಂಥಾಲಯಕ್ಕೆ ಬಂದಾಗ ನೀವೇನಂದ್ರಿ? 'ಕಾರ್ಡ್ ಇಲ್ದೆ ಪುಸ್ತಕ ಇಲ್ಲಮ್ಮ, ಪಕ್ಕಕ್ಕೆ ನಿಂತ್ಕೊಳ್ಳಿ.' ಅಷ್ಟು ಜನರ ಎದುರಿಗೆ! ನನ್ನನ್ನ 'ಅಮ್ಮ' ಅಂದ್ರಿ! ಓವರ್."

ಕಾಲ್ ಸೈನ್ ಹೇಳಲು ಮೂರು ಸೆಕೆಂಡು ಸಾಕಿತ್ತು. ಸಾಹೇಬರು ಗ್ರಂಥಾಲಯದ ನಿಯಮಾವಳಿಯನ್ನು ಸಮರ್ಥಿಸಿಕೊಳ್ಳಲು ಪೂರ್ತಿ ಎರಡು ನಿಮಿಷ ತೆಗೆದುಕೊಂಡರು. ಕೊನೆಗೆ ದೊಡ್ಡ ಮನಸ್ಸು ಮಾಡಿ, ಗಂಟಲು ಸರಿಮಾಡಿಕೊಂಡು, ಕಾಲ್ ಸೈನಿನ ಮೊದಲ ಅಕ್ಷರ ಉಚ್ಚರಿಸಿದರು. ರೇಡಿಯೊ 'ಕುಂಯ್' ಎಂದು ಕಣ್ಣು ಮುಚ್ಚಿತು.

ಬೆಟ್ಟವಿಳಿದು, ಬಸ್ಸು ಹಿಡಿದು ಬೋಳುಗುಡ್ಡ ಹತ್ತಿದರೆ ಅಲ್ಲಿ ಹೆಂಡತಿಗೆ ಪುರಸೊತ್ತೇ ಇಲ್ಲ! ಗಂಡ ಹೆಂಡಿರ ಜಗಳ ರೇಡಿಯೊದಲ್ಲಿ ಬರುತ್ತಿದೆಯೆಂದು ದಂತವೈದ್ಯರು ಪರಿಚಯದ ರೇಡಿಯೊ ಹವ್ಯಾಸಿಗಳಿಗೆಲ್ಲ ಫೋನ್ ಮಾಡಿದ್ದರು. ಕೇಳಿದವರೆಲ್ಲ, "ಸರಿಯಾಗಿ ಕೇಳಿದ್ರಿ ಅಕ್ಕ," ಎಂದು ಅವಳನ್ನು ಕರೆದು ಮಾತಾಡಿಸಿದ್ದರು. ಪುಸ್ತಕದಲ್ಲಿ ಹನ್ನೊಂದು ಕಾಲ್ ಸೈನ್ ಮುತ್ತಿನಂಥ ಅಕ್ಷರದಲ್ಲಿ ಕೂತಿದ್ದವು.

ವಾರದ ಕೊನೆಗೆ ಕ್ಲಬ್ಬಿನ ಕಾರ್ಯದರ್ಶಿ ಗಾಜು ಹಾಕಿದ ಪತ್ರದೊಂದಿಗೆ ಬಾಗಿಲಿಗೆ ಬಂದರು. ಸಾಹೇಬರು, ತಮ್ಮ ಕಷ್ಟವನ್ನು ಕ್ಲಬ್ಬು ಅರ್ಥಮಾಡಿಕೊಂಡಿದೆ ಎಂದು ಭಾವಿಸಿ, ಎರಡೂ ಕೈ ಚಾಚಿದರು.

"ಮೇಡಂ ಇದ್ದಾರಾ?" ಅಂದರು ಕಾರ್ಯದರ್ಶಿ.

ಯಾರೂ ಲೆಕ್ಕಕ್ಕೇ ಇಡದ ಆ ಬೋಳುಗುಡ್ಡವೂ ಕ್ಲಬ್ಬಿನ ಪಟ್ಟಿಯಲ್ಲಿತ್ತು. ಅದನ್ನು ಮೊದಲು ಗೆದ್ದವಳು ಸಾಹೇಬರ ಹೆಂಡತಿ! ಪತ್ರ ತೂಗಲು ಗೋಡೆಗೆ ಮೊಳೆ ಹೊಡೆಯುವ ಭಾಗ್ಯ ಮಾತ್ರ ಸಾಹೇಬರದಾಯಿತು.

"ಈ ಭಾನುವಾರ ದೊಡ್ಡ ಬೆಟ್ಟಕ್ಕೆ ನಾನು ಹೋಗ್ತೀನಿ," ಅಂದಳು ಹೆಂಡತಿ, ಎರಡು ಬ್ಯಾಟರಿ ಚಾರ್ಜಿಗೆ ಹಾಕುತ್ತಾ. "ನಿಮ್ಮ ಮೊಣಕಾಲಿಗೆ ಗುಡ್ಡವೇ ಸರಿ."

ಸಾಹೇಬರು ಒಪ್ಪಿದರು, ಒಳಗೊಳಗೇ ಹಿಗ್ಗುತ್ತಾ. ಆ ಬೆಟ್ಟದಲ್ಲಿ ಮೂವರಿಗಿಂತ ಹೆಚ್ಚು ಯಾರಿಗೂ ಸಿಕ್ಕಿಲ್ಲ. ನಾಲ್ಕನೆಯವರಿಗಾಗಿ ಅವಳು ತಮ್ಮನ್ನೇ ಅಂಗಲಾಚಬೇಕು. ಕೂಡಲೇ ಕೊಡಬಾರದು, ಸ್ವಲ್ಪ ಆಟವಾಡಿಸಿ ಕೊಟ್ಟರಾಯಿತು.

ಭಾನುವಾರ ಬೋಳುಗುಡ್ಡದ ಮೇಲೆ ನೆರಳಿನಲ್ಲಿ ಕೂತು, ನಿಧಾನವಾಗಿ ಟೀ ಕುಡಿದು, ಅವಳು ಸಾಕಷ್ಟು ಪರದಾಡಿರಬೇಕೆಂದು ಅಂದಾಜು ಮಾಡಿ ಸಾಹೇಬರು ರೇಡಿಯೊ ಹಾಕಿದರು. ತಮ್ಮ ಕಾಲ್ ಸೈನನ್ನು ಬಿಡಿಸಿ ಬಿಡಿಸಿ, ಮಂತ್ರದಂತೆ ಮೂರು ಸಲ ಹೇಳಿದರು.

"ಹಾಂ, ಗೊತ್ತಾಯ್ತು ರೀ," ಎಂದು ದೊಡ್ಡ ಬೆಟ್ಟದಿಂದ ಉತ್ತರ ಬಂತು. "ನಿಮಗಿಂತ ಮುಂಚೆ ಇನ್ನೂ ಆರು ಜನ ಕಾಯ್ತಿದ್ದಾರೆ. ಸ್ವಲ್ಪ ತಡ್ಕೊಳ್ಳಿ. ಓವರ್."

ಸಾಹೇಬರು ತಡೆದುಕೊಂಡರು. ಹದಿನೆಂಟನೆಯವರಾಗಿ ಅವರು ಹೆಂಡತಿಯ ಪುಸ್ತಕ ಸೇರುವಷ್ಟರಲ್ಲಿ ದೊಡ್ಡ ಬೆಟ್ಟ ಅವಳದಾಗಿ ಅರ್ಧ ಗಂಟೆ ಕಳೆದಿತ್ತು.