ಲೋಟದ ತಳದ ಅಕ್ಷರಗಳು

ಜಗತ್ತಿನ ಯಾವ ಅಕ್ಷರವನ್ನಾದರೂ ನಾನು ಕತ್ತಲಲ್ಲೇ ಓದಬಲ್ಲೆ. ಇದು ಶುದ್ಧ ಸುಳ್ಳು. ಮುಂದಿನದು ಮಾತ್ರ ನಿಜ.

ಆಸ್ಪತ್ರೆಗಳ ಇಲಾಖೆಯಲ್ಲಿ ಸುಂದರೀಕರಣ ಎಂಬ ವಿಭಾಗವಿದೆ. ಅದರ ನಿರ್ದೇಶಕರಿಗೆ ಒಬ್ಬ ತಂಗಿಯೂ, ತಂಗಿಗೆ ಒಬ್ಬ ಗಂಡನೂ, ಗಂಡನಿಗೆ ಬೇಕಾದಷ್ಟು ಬಿಡುವೂ ಇದ್ದುದರಿಂದ ಇಲಾಖೆಗೆ ಹೊಸ ಫಾಂಟ್ ಅತ್ಯಗತ್ಯವಾಯಿತು. ಅದನ್ನು ಬರೆಯುವ ಕೆಲಸ ಆ ಗಂಡನಿಗೇ ಸಿಕ್ಕಿತು; ಕಚೇರಿಯವರು ಅವನನ್ನು ಕಂಪಾಸ್ ಎಂದೇ ಕರೆಯುತ್ತಿದ್ದರು. ಕಂಪಾಸ್ ಹತ್ತಿರ ಕಂಪಾಸ್ ಇರಲಿಲ್ಲ. ಚಹಾ ಕುಡಿದ ಲೋಟವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದ, ಒಂದು ಅಕ್ಷರವಾಯಿತು. ಉಳಿದವನ್ನೂ ಹಾಗೆಯೇ ಮಾಡಿ, ಬೇಸರವಾದ ಕಡೆ ಒಂದೊಂದು ಗೀಟು ಹಾಕಿದ.

ಆದೇಶ ಹೊರಬಿತ್ತು: "ಅಕ್ಷರಗಳ ಕೊಕ್ಕೆ, ಬಾಲ, ಬಳುಕುಗಳು ಅನಾವಶ್ಯಕವೆಂದು ಕಂಡುಬಂದಿರುವುದರಿಂದ ಅವುಗಳನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ವೃತ್ತ ಮತ್ತು ಸರಳರೇಖೆ ಮಾತ್ರ. ಓದಲಾಗದಿದ್ದಲ್ಲಿ ಅದು ಓದುಗರ ವೈಯಕ್ತಿಕ ಲೋಪ."

ಆಸ್ಪತ್ರೆಯ ಬೋರ್ಡುಗಳೆಲ್ಲ ಬದಲಾದವು. ಕಣ್ಣಿಗೆ ತಂಪಾಯಿತೆಂದು ಎಲ್ಲರೂ ಒಪ್ಪಿದರು. ಕಣ್ಣಿನ ವಾರ್ಡ್ ಎಲ್ಲಿದೆಯೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಕಂಪಾಸ್‌ಗೆ ಸನ್ಮಾನವಿದ್ದ ದಿನವೇ ಅವನ ಹೆಂಡತಿಗೆ ಹೆರಿಗೆಯಾಯಿತು. ಓಡೋಡಿ ಬಂದ. ಬೋರ್ಡ್ ನೋಡಿ ನುಗ್ಗಿದ ಕೋಣೆಯಲ್ಲಿ ಯಾರದೋ ಹಲ್ಲು ಕೀಳುತ್ತಿದ್ದರು.

"ಅಣ್ಣಾ, ಹೆರಿಗೆ ವಾರ್ಡ್ ಯಾವ ಕಡೆ?" ಎಂದು ಕಾವಲುಗಾರನನ್ನು ಕೇಳಿದ.

"ಬೋರ್ಡ್ ಇದೆಯಲ್ಲಪ್ಪ."

"ಓದೋಕಾಗ್ತಿಲ್ಲ."

"ಹಾಗಾದ್ರೆ ಲೋಪ ನಿಮ್ದು. ಅಳು ಕೇಳೋ ಕಡೆ ಹೋಗಿ. ದೊಡ್ಡವರ ಅಳುವಿಗೆ ಮೋಸಹೋಗ್ಬೇಡಿ."

ಅಳುವಿನ ಜಾಡು ಹಿಡಿದು ಅಂತೂ ತಲುಪಿದ. ನಾಲ್ಕು ತೊಟ್ಟಿಲು, ನಾಲ್ಕು ಗಂಡು ಕೂಸು. "ಕೈಪಟ್ಟಿ ಮೇಲೆ ತಾಯಿ ಹೆಸರಿದೆ, ನೋಡಿ ನಿಮ್ದನ್ನ ಎತ್ಕೊಳ್ಳಿ" ಎಂದಳು ನರ್ಸ್. ಕೈಪಟ್ಟಿಗಳ ಮೇಲೆ ಸಾಲಾಗಿ ಲೋಟದ ತಳಗಳು. ಕಂಪಾಸ್ ಬೆವರಿದ. ಅಷ್ಟರಲ್ಲಿ ಹಾರ ಹಿಡಿದ ಸಮಿತಿಯೊಂದಿಗೆ ನಿರ್ದೇಶಕರೂ, ಫೋಟೋದವನೂ ಬಂದರು.

"ಏನಪ್ಪ, ಓದೋಕೆ ಬರುತ್ತೆ ತಾನೆ?"

ಬರುವುದಿಲ್ಲ ಎಂದರೆ ಹಾರವೂ ಹೋಯಿತು, ಕೆಲಸವೂ ಹೋಯಿತು. ಬರುತ್ತದೆ ಎಂದರೆ ಮಗು ಹೋಗಬಹುದು, ಹೋಗಲೇಬೇಕೆಂದೇನೂ ಇಲ್ಲ.

"ನೀರು ಕುಡಿದಷ್ಟು ಸುಲಭ, ಭಾವ" ಎಂದು ಕ್ಯಾಮೆರಾಗೆ ಹತ್ತಿರವಿದ್ದ ಕೂಸನ್ನು ಎತ್ತಿಕೊಂಡ.

ಮೂಲೆಯ ಮಂಚದಲ್ಲಿದ್ದ ಹೆಂಡತಿ ಮಗುವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಣ್ಣಾ, ಈ ಮೂಗು ನಮ್ಮ ಮನೇದಲ್ಲ. ಇವರ ಮನೇದೂ ಅಲ್ಲ."

"ಮೂಗು ಅನ್ನೋದೇ ಒಂದು ಅನಾವಶ್ಯಕ ಕೊಕ್ಕೆ ಕಣಮ್ಮ" ಎಂದರು ನಿರ್ದೇಶಕರು.

ಅವಳು ಉಳಿದ ತೊಟ್ಟಿಲುಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ಕೈಗೆ ಬಂದದ್ದನ್ನೇ ಎದೆಗವಚಿಕೊಂಡಳು. ಮಿಕ್ಕ ತಂದೆಯರೂ ಮಿಕ್ಕಿದ್ದನ್ನು ಒಯ್ದರು. ಯಾರಿಗೂ ಕಡಿಮೆ ಬೀಳಲಿಲ್ಲವಾದ್ದರಿಂದ ಪ್ರಯೋಗ ಯಶಸ್ವಿಯೆಂದು ಸಮಿತಿ ದಾಖಲಿಸಿತು. ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಏನು ಬರೆಯಲು ಹೇಳಿದರೂ ಚೌಕವನ್ನೇ ಬರೆಯುತ್ತಾನಂತೆ.

ಈ ಹೋಟೆಲಿನವರೂ ಈಗ ಅದೇ ಫಾಂಟಿಗೆ ಬಂದಿದ್ದಾರೆ. ಬಿಲ್ ನೋಡಿ, ನನ್ನ ಕಣ್ಣಿಗೆ ಬರೀ ಸೊನ್ನೆ. ಲೋಪ ನನ್ನದೇ. ನಿಮಗೆ ಓದಲು ಬರುವ ಹಾಗಿದೆ, ನನ್ನ ಚಹಾದ್ದೂ ಸೇರಿಸಿ ಕೊಟ್ಟುಬಿಡಿ.