ಮೂಕಪ್ಪನ ಸುಧಾರಣೆ

ಕರೇಕಟ್ಟೆ ಹೋಬಳಿಯ ಅಪರಾಧಗಳನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವ ಸಲುವಾಗಿ ೧೯೭೮ರಲ್ಲಿ ಬಿಳಿಚೋಡು ಕಡೆಯ ಕುರಿಗಾಹಿ ಮೂಕಪ್ಪನನ್ನು ಜೈಲಿಗೆ ಹಾಕಲಾಯಿತು. ಅವನ ಕುರಿಗಳು ಸರ್ಕಾರಿ ನೆಡುತೋಪಿನ ಸಸಿಗಳನ್ನು ಮೇಯ್ದಿದ್ದವು. ಕುರಿಗಳನ್ನು ಶಿಕ್ಷಿಸಲು ಕಾನೂನಿನಲ್ಲಿ ಅವಕಾಶವಿರಲಿಲ್ಲ.

ಮೂಕಪ್ಪನಿಗೆ ಹಿಂಡಿನದೇ ಚಿಂತೆ. ಮುಂದಾಳು ಟಗರು ಅವನ ಸಿಳ್ಳೆಯನ್ನು ಬಿಟ್ಟು ಬೇರೆ ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ. ಹೆಂಡತಿ ಭೀಮಕ್ಕ ಗಂಟಲು ಹರಿಯುವಂತೆ ಕೂಗಿದರೂ ಅದು ನೆಟ್ಟಗೆ ನೆಡುತೋಪಿಗೇ ನುಗ್ಗಿತು, ಹಿಂಡೂ ಹಿಂದೆ ಹೋಯಿತು. ಕುರಿಗಳ ಒಡೆಯ ಮೂಕಪ್ಪನೇ ಆದ್ದರಿಂದ, ಜೈಲಿನೊಳಗಿದ್ದುಕೊಂಡೇ ಅವನು ಇನ್ನೊಂದು ಅಪರಾಧ ಎಸಗಿದಂತಾಯಿತು. ಶಿಕ್ಷೆ ಮುಂದುವರಿಯಿತು. ಮೇಯುವುದೂ ಮುಂದುವರಿಯಿತು.

"ಸಾಹೇಬ್ರೇ, ನನ್ನ ಬಿಟ್ರೆ ಕುರಿ ನಿಲ್ತಾವ್ರೀ. ಒಂದು ಸಿಳ್ಳೆ ಸಾಕು," ಎಂದ ಮೂಕಪ್ಪ.

ಜೈಲರ್ ಮಹೇಶ್ವರಪ್ಪನವರು ಮೃದು ಮನಸ್ಸಿನವರು. "ಒಳಗಿದ್ದೇ ಇಷ್ಟು ತಪ್ಪು ಮಾಡ್ತೀಯ, ಹೊರಗೆ ಬಿಟ್ರೆ ಹೆಂಗಪ್ಪಾ?" ಎಂದರು.

ಜೈಲುವಾಸದಿಂದ ಜನ ಸುಧಾರಿಸುತ್ತಾರೆಯೇ ಎಂದು ತಿಳಿಯಲು ಒಂದು ಸಮಿತಿ ಬಂತು. ಸದಸ್ಯರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸೇವಿಸುತ್ತ, ಜೈಲು ಸೇರಿದ ಮೇಲೆ ಮೂಕಪ್ಪನ ಅಪರಾಧಗಳು ಹೆಚ್ಚಿರುವುದನ್ನು ಗಮನಿಸಿದರು. ಜೈಲು ಚಿಕ್ಕದಾಗಿರುವುದೇ ಕಾರಣವೆಂದು ಒಮ್ಮತದಿಂದ ತೀರ್ಮಾನಿಸಿದರು. ದೊಡ್ಡ ಜೈಲಿಗೆ ನೆಡುತೋಪಿಗಿಂತ ಪ್ರಶಸ್ತ ಜಾಗವಿರಲಿಲ್ಲ. ಕುರಿಗಳು ಉಳಿಸಿದ್ದ ಸಸಿಗಳನ್ನೂ ಬುಡಸಮೇತ ಕಿತ್ತು ಕಟ್ಟಡ ಎಬ್ಬಿಸಲಾಯಿತು.

ಮೂಕಪ್ಪನಿಗೆ ಹೋದ ಜೀವ ಬಂದಂತಾಯಿತು. "ಇನ್ನು ತಿನ್ನಾಕೆ ಗಿಡಾನೇ ಇಲ್ವಲ್ರೀ. ಮನೀಗೆ ಕಳಿಸ್ರಿ."

"ನೀನು ಹೋದ್ರೆ ಇಷ್ಟು ದೊಡ್ಡ ಜೈಲಿನಾಗೆ ಯಾರಪ್ಪಾ ಇರೋರು?" ಎಂದರು ಜೈಲರ್.

ಮೂಕಪ್ಪ ತನ್ನ ಗಂಟು ಹೊತ್ತು ಹೊಸ ಜೈಲಿಗೆ ನಡೆದ.

ಹಳೆಯ ಜೈಲಿಗೆ ಕಿಟಕಿ ಇರಲಿಲ್ಲ, ಹೊಸದಕ್ಕೆ ಇತ್ತು. ಉದ್ಘಾಟನೆಯ ದಿನ ಅದರಿಂದ ಮೂಕಪ್ಪನಿಗೆ ತನ್ನ ಹಿಂಡು ಕಂಡಿತು. ಕಣ್ಣು ತುಂಬಿ ಬಂತು. ತಡೆಯಲಾರದೆ ಸಿಳ್ಳೆ ಹೊಡೆದ. ಟಗರು ಕಿವಿ ನಿಮಿರಿಸಿತು. ತೋರಣ ಕಟ್ಟಿದ ಬಾಗಿಲಿನಿಂದ ಇಡೀ ಹಿಂಡು ಒಳಗೆ ಬಂತು, ಹಿಂದೆಯೇ ಏದುಸಿರು ಬಿಡುತ್ತ ಭೀಮಕ್ಕ.

"ನೋಡಿದ್ರಾ, ಕುರಿ ಮಾತು ಕೇಳ್ತಾವೆ! ಮೂಕಪ್ಪ ಸುಧಾರಿಸಿದ!" ಎಂದು ಜೈಲರ್ ಸಾಹೇಬರು ಘೋಷಿಸಿದರು. ಗಣ್ಯರು ಚಪ್ಪಾಳೆ ತಟ್ಟಿದರು.

"ಹಂಗಾರೆ ಬಿಡ್ರೀ," ಎಂದ ಮೂಕಪ್ಪ.

"ಗುಣ ಕಾಣೋ ಹೊತ್ನಾಗೆ ಯಾರಾದ್ರೂ ಔಷಧ ಬಿಡ್ತಾರೇನಪ್ಪಾ?"

ಯೋಚಿಸಿದಾಗ ಮೂಕಪ್ಪನಿಗೂ ಅದು ಸರಿಯೆನಿಸಿತು. ಜೈಲರ್ ಬಾಗಿಲು ಹಾಕಿಸಿದರು. ಭೀಮಕ್ಕ ಕಂಬಳಿ ಹಾಸಿ, ಒಲೆ ಎಲ್ಲಿ ಹೂಡಲೆಂದು ಕೇಳಿದಳು.